ನಾನು ತೆಗೆದ ಎರಡು ಪುಟ

ಕಳೆದ ಜೂನ್‌ನಲ್ಲಿ ಮನೆಯ ಹಿಂದೆ ನೆಡಲು ಒಂದು ಮಲ್ಲಿಕಾ ಮಾವಿನ ಸಸಿ ತಂದೆ. ನರ್ಸರಿಯವನ ಜೊತೆ ಚೌಕಾಸಿ ಮಾಡಿ, ಚೀಲದ ತಳ ಒತ್ತಿ ಬೇರು ಸುತ್ತಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಸಿ ಕಟ್ಟಿದ ಗಂಟು ಕೂಡಿದೆಯೇ ಎಂದು ಉಗುರಿನಿಂದ ಕೆರೆದು ನೋಡಿ ತಂದದ್ದು. ಸಸಿ ಕೊಳ್ಳುವವರು ಇಷ್ಟನ್ನೂ ಮಾಡಬೇಕು; ಎಲೆಯ ಹೊಳಪು ನೋಡಿ ಮೋಸ ಹೋಗುವವರೇ ಹೆಚ್ಚು. ಮನೆಗೆ ಬಂದು ಚೀಲ ಕೊಯ್ಯುವಾಗ ಕಾಂಡಕ್ಕೆ ದಾರದಲ್ಲಿ ಕಟ್ಟಿದ್ದ, ಪ್ಲಾಸ್ಟಿಕ್ ಹೊದಿಸಿದ ಚೀಟಿ ಕೈಗೆ ಸಿಕ್ಕಿತು. ಅದರ ಹಿಂಬದಿಯಲ್ಲಿ ಕಸಿ ಕಟ್ಟುವ ಕ್ರಮದ ನಾಲ್ಕು ಚಿತ್ರಗಳು. ಮೂರನೆಯದರಲ್ಲಿ ಒಂದು ಎಡಗೈ, ಸೀಳಿದ ಗಿಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದೆ. ಆ ಹೆಬ್ಬೆರಳಿಗೆ ಇರುವುದು ಅರ್ಧ ಉಗುರು.

ಬಣ್ಣ ತುಂಬಿದ್ದಾರೆ. ಗೆರೆ ನಯ ಮಾಡಿದ್ದಾರೆ. ಕೈಗೆ ಒಂದು ಗಡಿಯಾರವನ್ನೂ ಕಟ್ಟಿದ್ದಾರೆ. ಉಗುರನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದಾರೆ; ಬರೆದವನ ಅವಸರ ಅಂದುಕೊಂಡರೋ ಏನೋ... ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ಚಿತ್ರಗಳನ್ನು ಅನುಮತಿಯಿಲ್ಲದೆ ನಕಲು ಮಾಡುವುದು ಅಪರಾಧ ಎಂದಿತ್ತು.

ಯಾರ ಅನುಮತಿ? ಆ ಅರ್ಧ ಉಗುರಿನ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಯಿತು. ಚೀಟಿ ಹಿಡಿದುಕೊಂಡು ಅಲ್ಲೇ ಮಣ್ಣಿನ ಗುಂಡಿಯ ಪಕ್ಕ ಕೂತುಬಿಟ್ಟೆ.

ಸುತ್ತಲಿನವರು ಅವರನ್ನು ಕಸಿ ಮೇಷ್ಟ್ರು ಅನ್ನುತ್ತಿದ್ದರು. ಯಲ್ದೂರಿನ ಕಡೆ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲಿನ ಹೊತ್ತು, ಭಾನುವಾರ, ದಸರಾ ರಜೆ, ಎಲ್ಲ ಕಳೆಯುತ್ತಿದ್ದದ್ದು ಯಾರದಾದರೂ ಮಾವಿನ ತೋಟದಲ್ಲಿ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಕಸಿ ಚಾಕು ಇರುತ್ತಿತ್ತು. ಅದೇ ಚಾಕು ಅವರ ಅರ್ಧ ಉಗುರನ್ನು ತಿಂದದ್ದು.

ನಾನು ಬೈರಕೂರಿನ ಕಡೆಯವನು. ಓದು ಹತ್ತನೆಯ ತರಗತಿಗೆ ನಿಂತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನಿಂದ ಒಂದು ಹಳೆಯ ಜೆರಾಕ್ಸ್ ಮೆಷಿನ್ ಹೊಡೆದಾಡಿ ಬೆಲೆ ಇಳಿಸಿ ತಂದು, ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರು ಒಂದು ಬಾಗಿಲಿನ ಅಂಗಡಿ ಹಾಕಿದ್ದೆ. ಪಹಣಿ, ಜಾತಿ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿ, ಇವು ನನ್ನ ಅನ್ನ. ಒಂದು ದಿನ ಮೇಷ್ಟ್ರು ನಲವತ್ತು ಪುಟದ ನೋಟ್‌ಬುಕ್ಕನ್ನು ತಂದು ಮುಂದಿಟ್ಟರು. ಮಾವಿಗೆ ಕಸಿ ಕಟ್ಟುವುದು, ಸಸಿ ಸಾಕುವುದು, ರೋಗ ಬಂದರೆ ಏನು ಮಾಡುವುದು, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಚಿತ್ರಗಳನ್ನೂ ಅವರೇ ಬರೆದಿದ್ದರು. ಎದುರಿಗೆ ತಮ್ಮ ಎಡಗೈಯನ್ನೇ ಇಟ್ಟುಕೊಂಡು ಬಲಗೈಯಲ್ಲಿ ಬರೆದದ್ದು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಜಾತಿ, ಉಗುರನ್ನೂ ಬಿಡಲಿಲ್ಲ.

"ಎಷ್ಟು ಕಾಪಿ ಸಾರ್?" ಅಂದೆ.

"ಈಗ ಹತ್ತು ಹೊಡಿ. ನೋಟ್‌ಬುಕ್ ನಿನ್ನ ಹತ್ರಾನೇ ಇರ್ಲಿ. ಯಾರು ಬಂದು ಕೇಳಿದ್ರೂ ಹೊಡ್ಕೊಡು. ಜೆರಾಕ್ಸ್ ಕಾಸು ಅವರೇ ಕೊಡ್ತಾರೆ."

"ನಿಮಗೆ?"

"ನನಗ್ಯಾಕೆ?"

"ಅಯ್ಯೋ, ಬರೆದೋರು ನೀವಲ್ವಾ ಸಾರ್? ಕಾಪಿ ಮೇಲೆ ಒಂದಿಷ್ಟು ಅಂತ ಇಟ್ಕೊಳ್ಳಿ. ನಾನೇ ಎತ್ತಿಟ್ಟು ಕೊಡ್ತೀನಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಲೇ, ನೀನು ಯಾವ ಊರೋನು? ಕಡ್ಡಿಗೆ ಕಾಸು ಇಸ್ಕೊಂಡೋರನ್ನ ನೋಡಿದ್ದೀಯೇನ್ಲಾ?"

ನೋಡಿರಲಿಲ್ಲ. ನಮ್ಮ ಕಡೆ ಮಾವಿನ ತೋಟದವರಲ್ಲಿ ಆಗ ಒಂದು ಪದ್ಧತಿ ಇತ್ತು. ವಾಟೆ, ಅಂದರೆ ಮಾವಿನ ಗೊರಟೆ, ನೆಟ್ಟು ಬೆಳೆಸಿದ ಸಸಿಯ ತಲೆ ಕತ್ತರಿಸಿ, ಸೀಳಿ, ಅದರೊಳಕ್ಕೆ ಒಳ್ಳೆಯ ಮರದ ಕಡ್ಡಿಯನ್ನು ಕೂರಿಸಿ ಕಟ್ಟುವುದೇ ಕಸಿ. ಒಳ್ಳೆಯ ಮರವಿದ್ದವರ ಹತ್ತಿರ ಹೋಗಿ ಕಡ್ಡಿ ಕೇಳಿದರೆ ಅವರು ಇಲ್ಲ ಅನ್ನುವಂತಿಲ್ಲ. ಕಡ್ಡಿಗೆ ದುಡ್ಡು ಕೇಳುವಂತಿಲ್ಲ. ತೆಗೆದುಕೊಂಡವನು ಎರಡು ಮಾತು ನಡೆಸಿಕೊಡಬೇಕು. ಇದು ಯಾರ ಮರದ್ದು ಎಂದು ಕೇಳಿದವರಿಗೆ ಹೇಳಬೇಕು. ನಾಳೆ ತನ್ನ ಮರದಿಂದ ಯಾರಾದರೂ ಕಡ್ಡಿ ಕೇಳಿದರೆ ತಾನೂ ಇಲ್ಲ ಅನ್ನಬಾರದು. ಹಣ್ಣು ಮಾರಿಕೊಳ್ಳಲಿ, ಕಟ್ಟಿದ ಸಸಿ ಮಾರಿಕೊಳ್ಳಲಿ, ಅದು ಅವನ ದುಡಿಮೆ. ಕಡ್ಡಿಗೆ ಮಾತ್ರ ಬೀಗ ಇರಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೇಷ್ಟ್ರು ಇದೇ ಪದ್ಧತಿಯನ್ನು ಪುಸ್ತಕಕ್ಕೂ ಹಾಕಿದ್ದರು. ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಮಾರಿದರೂ ಅಡ್ಡಿಯಿಲ್ಲ. ತಪ್ಪಿದ್ದರೆ ತಿದ್ದಬಹುದು, ತಿದ್ದಿದವರ ಹೆಸರು ಮತ್ತು ಊರು ಬರೆಯಬೇಕು. ಹಾಗೆ ತಿದ್ದಿದ ಪುಸ್ತಕವನ್ನೂ ಇದೇ ಮಾತಿನ ಮೇಲೆ ಬಿಡಬೇಕು, ಇನ್ನೊಬ್ಬರು ನಕಲು ಮಾಡದಂತೆ ಯಾರೂ ತಡೆಯಬಾರದು. ಇಷ್ಟೇ. ಓದಿ ನನಗೆ ಒಳಗೊಳಗೇ ನಗು. ಬದುಕು ಗೊತ್ತಿಲ್ಲದ ಮೇಷ್ಟ್ರು ಅಂದುಕೊಂಡೆ.

ಆದರೆ ಆ ಪುಸ್ತಕ ಓಡಿದ ಹಾಗೆ ನನ್ನ ಅಂಗಡಿಯಲ್ಲಿ ಬೇರೇನೂ ಓಡಲಿಲ್ಲ. ಮಾವಿನ ಮಂಡಿಗೆ ಬಂದವರು ವಾಪಸು ಹೋಗುವಾಗ ಒಂದು ಕಾಪಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದರಲ್ಲಿ ಪ್ರತಿ ಎಡಪುಟವನ್ನೂ ಮೇಷ್ಟ್ರು ಖಾಲಿ ಬಿಟ್ಟಿದ್ದರು, ನಿಮ್ಮ ತೋಟದಲ್ಲಿ ಕಂಡದ್ದನ್ನು ಇಲ್ಲಿ ಬರೆಯಿರಿ ಎಂದು. ಮರುವರ್ಷ ಅದೇ ಜನ ಮಣ್ಣು ಮೆತ್ತಿದ ಕಾಪಿಗಳನ್ನು ಹಿಡಿದು ಬಂದರು. ಒಂದರಲ್ಲಿ ಪೆನ್ಸಿಲ್ ಗೀಚು, ಒಂದರಲ್ಲಿ ಮಗಳ ಕೈಯಲ್ಲಿ ಬರೆಸಿದ್ದು, ಒಂದರಲ್ಲಿ ತೆಲುಗಿನಲ್ಲಿ ಬರೆದದ್ದು.

ಅವರಲ್ಲಿ ಬೈರಕೂರಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಒಬ್ಬಾಕೆ ಇದ್ದಳು. ಗಂಡನಿಗಿಂತ ತೋಟ ಚೆನ್ನಾಗಿ ಬಲ್ಲವಳು. ನಾನು ಅಕ್ಕ ಅನ್ನುತ್ತಿದ್ದೆ. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಅವಳಿಗೆ ಒಪ್ಪಿಗೆಯಿಲ್ಲದ್ದಕ್ಕೆಲ್ಲ ಒಂದೇ ಮಾತು, ಕಾದು, ಅಂದರೆ ಅಲ್ಲ.

"ಕಾದು ಮೇಷ್ಟ್ರೇ, ಕಾದು. ಕಡ್ಡಿ ಕೊಯ್ಯೋಕೆ ಮುಂಚೆ ಅದರ ಎಲೆ ತರಿದು ಎಂಟು ದಿನ ಬಿಡಿ ಅಂತ ಬರ್ದಿದ್ದೀರಂತೆ. ನಮ್ಮ ಕಲ್ಲು ನೆಲಕ್ಕೆ ಎಂಟು ದಿನ ಸಾಲಲ್ಲ. ಹತ್ತು ಬಿಡಿ. ಮೊಗ್ಗು ಉಬ್ಬಬೇಕು. ಉಬ್ಬದೇ ಇರೋ ಕಡ್ಡಿ ಕಟ್ಟಿದ್ರೆ ಒಣಗಿ ಸೌದೆ."

"ಬರಿ ತಾಯಿ ಇಲ್ಲಿ. ನಿನ್ನ ಕೈಲೇ ಬರಿ."

"ನನಗೆಲ್ಲಿ ಬರುತ್ತೆ ಬರೆಯೋಕೆ! ನೀವೇ ಗೀಚ್ಕೊಳ್ಳಿ."

"ಗೀಚ್ತೀನಿ. ಕೆಳಗೆ ನಿನ್ನ ಹೆಸರು ಹಾಕ್ತೀನಿ."

"ನನ್ನ ಹೆಸರು ಪುಸ್ತಕದಲ್ಲಾ?" ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಮ್ಮ ಯಜಮಾನ್ರ ಹೆಸರೇ ರೇಷನ್ ಕಾರ್ಡ್ ಬಿಟ್ಟು ಎಲ್ಲೂ ಬಂದಿಲ್ಲ ಮೇಷ್ಟ್ರೇ!"

ಹೆಸರು ಬಂತು. ತಿದ್ದಿದವರು ಎಂಬ ತಲೆಬರಹದ ಕೆಳಗೆ, ಮೂರನೆಯ ಸಾಲು. ಓದಲು ಬಾರದಿದ್ದರೂ ಆ ಸಾಲಿನ ಮೇಲೆ ಬೆರಳಿಟ್ಟು, ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆ ತೋರಿಸಿದಳು.

ಹೀಗೆ ವರ್ಷ ವರ್ಷ ಪುಸ್ತಕ ಬೆಳೆಯಿತು, ನನ್ನ ಅಂಗಡಿಯೂ ಬೆಳೆಯಿತು. ಕಂಪ್ಯೂಟರ್ ಬಂತು. ಆಮೇಲೆ ಒಂದು ಪುಟ್ಟ ಆಫ್‌ಸೆಟ್ ಮೆಷಿನ್. ಜೆರಾಕ್ಸಿನವನು ಎಂಬುದು ಹೋಗಿ ಪ್ರೆಸ್ಸಿನವರು ಅನ್ನಿಸಿಕೊಂಡೆ. ಅದಕ್ಕೆ ಅರ್ಧ ಕಾರಣ ಮೇಷ್ಟ್ರ ಪುಸ್ತಕ. ಈ ಮಾತನ್ನು ಅವರು ಬದುಕಿದ್ದಾಗ ಒಂದು ದಿನವೂ ಅವರಿಗೆ ಹೇಳಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ ಇರಬೇಕು... ಒಂದು ಸಂಜೆ ಮೇಷ್ಟ್ರು ಅಂಗಡಿಗೆ ಓಡಿಬಂದ ಹಾಗೆ ಬಂದರು. ಕೋಲಾರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬರು ಅವರಿಗೆ ಇಂಟರ್‌ನೆಟ್‌ನಿಂದ ಕೆಲವು ಹಾಳೆ ತೆಗೆದುಕೊಟ್ಟಿದ್ದರು. ಹೊರದೇಶಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು, ಹಾಡು ಕಟ್ಟುವವರು, ಪುಸ್ತಕ ಬರೆಯುವವರು ಸೇರಿಕೊಂಡು ಒಂದು ಹೊಸ ಬಗೆಯ ಪರವಾನಗಿ ಮಾಡಿದ್ದಾರಂತೆ. ಹಕ್ಕು ಬರೆದವನದೇ, ಆದರೆ ಅವನು ಮೊದಲೇ ಎಲ್ಲರಿಗೂ ಒಪ್ಪಿಗೆ ಕೊಟ್ಟಿರುತ್ತಾನೆ, ಕೆಲವು ಷರತ್ತುಗಳ ಮೇಲೆ. ನನ್ನ ಹೆಸರು ಹೇಳು. ನೀನು ಬದಲಾಯಿಸಿದ್ದನ್ನೂ ಇದೇ ಷರತ್ತಿನ ಮೇಲೆ ಬಿಡು.

"ನೋಡ್ಲಾ, ನಮ್ಮ ಕಡ್ಡಿ ಮಾತನ್ನೇ ಬರ್ದವ್ರೆ!" ಮೇಷ್ಟ್ರ ಕಣ್ಣು ಮಗುವಿನ ಕಣ್ಣಾಗಿತ್ತು. "ಒಂದೇ ವ್ಯತ್ಯಾಸ. ಅವರು ಲಾಯರ್‌ಗಳನ್ನ ಕೂರಿಸ್ಕೊಂಡು ಬರ್ದವ್ರೆ."

"ಫಾರಿನ್‌ನೋರಿಗೂ ನಷ್ಟದ ವ್ಯಾಪಾರ ಮಾಡೋ ಕಾಯಿಲೆ ಇದೆಯಾ ಸಾರ್?" ಅಂದೆ.

"ನಿನಗೆ ವ್ಯಾಪಾರ ಬಿಟ್ಟು ಬೇರೇನೂ ಕಾಣಲ್ಲ ಬಿಡು," ಎಂದು ನಕ್ಕರು. ಆ ಸಲದ ಪುಸ್ತಕಕ್ಕೆ ಅವರು ಕೊನೆಯ ಪುಟವನ್ನು ಹೊಸದಾಗಿ ಬರೆದರು. ಕಾಲೇಜಿನವರ ಹತ್ತಿರ ಕೂತು ಒಂದೊಂದು ಶಬ್ದ ತೂಗಿ, ಕಂಪನಿ, ಪ್ರಕಾಶಕ, ಸರ್ಕಾರ, ಯಾರೇ ಆಗಲಿ ಬಾಗಿಲು ಹಾಕಿಕೊಳ್ಳಲು ಆಗದ ಹಾಗೆ. ಅದರ ಹಿಂದಿನ ಪುಟದಲ್ಲಿ ತಿದ್ದಿದ ನಲವತ್ತು ಜನರ ಹೆಸರು. ಎರಡನ್ನೂ ಟೈಪ್ ಮಾಡಿದವನು ನಾನೇ.

ಈಗ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟದ ಲೆಕ್ಕದಲ್ಲಿ. ಮೂರು ಹದಿನಾರು ನಲವತ್ತೆಂಟು. ಮೇಷ್ಟ್ರ ಪುಸ್ತಕ ಈ ಸಲ ಐವತ್ತಾಗಿತ್ತು. ಎರಡು ಪುಟಕ್ಕಾಗಿ ಇನ್ನೊಂದು ಹಾಳೆ ಮೆಷಿನ್‌ಗೆ ಏರಿಸಬೇಕು. ಆಷಾಢ ಹತ್ತಿರ ಬಂದಿತ್ತು. ಕಸಿ ಕಟ್ಟುವ ಕಾಲ. ಮಾಲೂರು, ಮುಳಬಾಗಿಲಿನ ಗೊಬ್ಬರದ ಅಂಗಡಿಯವರು ಪುಸ್ತಕ ಎಲ್ಲಿ ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಮೇಷ್ಟ್ರನ್ನು ಕೇಳೋಣವೆಂದರೆ ಅವರನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು.

ಕಸಿಯ ವಿಷಯ ತೆಗೆಯುವಂತಿಲ್ಲ. ರೋಗದ ವಿಷಯ ತೆಗೆಯುವಂತಿಲ್ಲ. ರೈತರು ಬರೆಯಲೆಂದು ಬಿಟ್ಟ ಎಡಪುಟಗಳನ್ನು ಮುಟ್ಟುವಂತಿಲ್ಲ. ರೈತನಿಗೆ ಕೆಲಸಕ್ಕೆ ಬಾರದ್ದು ಯಾವುದು ಎಂದು ನೋಡಿದೆ. ಹೆಸರುಗಳ ಪುಟ, ಷರತ್ತಿನ ಪುಟ. ಎರಡನ್ನೂ ತೆಗೆದೆ. ಒಳಗಡೆ, ಪುಸ್ತಕದ ಹೆಸರಿನ ಕೆಳಗೆ, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು ಎಂದು ಒಂದು ಸಾಲು ಕೂರಿಸಿದೆ. ಮೇಷ್ಟ್ರಿಗೆ ಬೇಕಾದದ್ದೂ ಅಷ್ಟೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂಬದಿಯ ರಕ್ಷಾಪುಟದ ತುಂಬ ನನ್ನ ಪ್ರೆಸ್ಸಿನ ಜಾಹೀರಾತು ಇತ್ತು: ಮದುವೆ ಕರೆಯೋಲೆ, ಬಿಲ್ ಬುಕ್, ವಿಸಿಟಿಂಗ್ ಕಾರ್ಡ್. ಒಳರಕ್ಷಾಪುಟವೂ ಖಾಲಿ ಇತ್ತು. ಆ ಎರಡು ಪುಟಗಳನ್ನು ಅಲ್ಲಿ ಹಾಕಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಚುನಾವಣೆ ಮುಗಿಸಿ ಬಂದ ಮೇಷ್ಟ್ರು ಪುಸ್ತಕವನ್ನು ಹಿಂದಿನಿಂದ ತೆರೆದರು. ಷರತ್ತಿನ ಮಾತು ಮೊದಲು ಎತ್ತುತ್ತಾರೆ ಅಂದುಕೊಂಡಿದ್ದೆ.

"ತಿದ್ದಿದೋರ ಹೆಸರು ಎಲ್ಲಿ?"

"ಪುಟ ಹಿಡಿಸಲಿಲ್ಲ ಸಾರ್. ಮುಂದಿನ ಸಲ ಹಾಕೋಣ."

"ಮುಂದಿನ ಸಲ ಅನ್ನೋದು ನಿನ್ನ ಜೇಬಲ್ಲಿದೆಯೇನಪ್ಪಾ?"

ಅಂದಿನಿಂದ ವಾರವಿಡೀ ಸಂಜೆ ಬಂದು ಅಂಗಡಿಯ ಮೂಲೆಯಲ್ಲಿ ಕೂತು, ಉಳಿದಿದ್ದ ಕಾಪಿಗಳ ಕೊನೆಯಲ್ಲಿ ಷರತ್ತನ್ನು ಕೈಯಲ್ಲೇ ಬರೆದರು. ಹೆಸರುಗಳನ್ನು ಬರೆಯಲಾಗಲಿಲ್ಲ, ಆ ಪಟ್ಟಿಯ ಹಾಳೆಯನ್ನು ನಾನು ಪ್ರೂಫಿನ ರದ್ದಿಯ ಜೊತೆ ಹಾಕಿಬಿಟ್ಟಿದ್ದೆ, ಕಂಪ್ಯೂಟರಿನಿಂದಲೂ ಅಳಿಸಿದ್ದೆ, ಹಿಂದಿನ ವರ್ಷಗಳ ಕಾಪಿಯೂ ಅಂಗಡಿಯಲ್ಲಿ ಒಂದೂ ಉಳಿದಿರಲಿಲ್ಲ. ಜಾಗ ಉಳಿಸುವ ಚಾಳಿ. ಅಷ್ಟರಲ್ಲಿ ಮುಕ್ಕಾಲು ಪಾಲು ಪುಸ್ತಕ ಬಸ್ಸು ಹತ್ತಿ ಊರೂರು ಸೇರಿತ್ತು.

ಅದರಲ್ಲೊಂದು ಬೆಂಗಳೂರಿನ ಒಂದು ಸಸಿ ಮತ್ತು ಔಷಧಿ ಕಂಪನಿಯವರ ಕೈಗೆ ಸಿಕ್ಕಿತು. ಮರುವರ್ಷ ಅವರ ಪುಸ್ತಕ ಬಂತು. ಹೊಳೆಯುವ ಕಾಗದ, ಬಣ್ಣದ ಚಿತ್ರ. ಒಳಗೆ ಮೇಷ್ಟ್ರ ವಾಕ್ಯಗಳು, ಮೇಷ್ಟ್ರ ಕೈ, ಅಕ್ಕನ ಹತ್ತು ದಿನದ ಲೆಕ್ಕ. ಎಲ್ಲಿ ಔಷಧಿಯ ಮಾತು ಬಂತೋ ಅಲ್ಲೆಲ್ಲ ಅವರ ಕಂಪನಿಯ ಡಬ್ಬಿ. ಮೊದಲ ಪುಟದಲ್ಲೇ, ಎಲ್ಲ ಹಕ್ಕುಗಳೂ ಕಂಪನಿಗೆ ಸೇರಿವೆ.

ಮೇಷ್ಟ್ರು ಅದನ್ನು ನನ್ನ ಮೇಜಿನ ಮೇಲಿಟ್ಟರು. "ಕಾಪಿ ಹೊಡೆದದ್ದಕ್ಕೆ ನನಗೇನೂ ಬೇಜಾರಿಲ್ಲ. ಹೊಡೀಲಿ ಅಂತಾನೇ ಬಿಟ್ಟಿದ್ದು. ತಗೊಂಡು ಹೋಗಿ ಬಾಗಿಲು ಹಾಕ್ಕೊಂಡ್ರಲ್ಲ... ಇರ್ಲಿ. ನಾವು ನಮ್ಮದನ್ನ ಅಚ್ಚು ಹಾಕ್ತಾನೇ ಇರೋಣ. ಈ ಸಲ ಆ ಎರಡು ಪುಟ ಮೊದಲು ಹಾಕು, ಮಿಕ್ಕಿದ್ದು ಆಮೇಲೆ."

"ಹೂಂ ಸಾರ್," ಅಂದೆ. ನಿಜವಾಗಿಯೂ ಹಾಕುವವನೇ ಇದ್ದೆ.

ತಿಂಗಳೊಳಗೆ ಕಂಪನಿಯ ಕಡೆಯಿಂದ ಒಬ್ಬ ಕಾರಿನಲ್ಲಿ ಬಂದ. ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಂಥ ಮಾತು. ವಕೀಲರ ನೋಟಿಸನ್ನು ಮೇಜಿನ ಮೇಲಿಟ್ಟು, ನಾನು ತರಿಸಿದ ಟೀ ಕುಡಿದ.

"ನಮ್ಮ ಪುಸ್ತಕಾನೇ ನೀವು ಹೊಡೀತಿದ್ದೀರ ಅಂತ ಆಗುತ್ತೆ ಸ್ವಾಮಿ. ಕೇಸ್ ಹಾಕಿದ್ರೆ ಮೆಷಿನ್ನು, ಕಂಪ್ಯೂಟರು ಎಲ್ಲ ಸೀಜ್. ನಮಗ್ಯಾಕೆ ಬೇಕು, ನಿಮಗ್ಯಾಕೆ ಬೇಕು? ಒಂದು ಮುಚ್ಚಳಿಕೆ ಬರ್ಕೊಡಿ, ಇಲ್ಲಿಗೇ ಮುಗಿಸೋಣ."

ಮೊದಲು ಬಂದದ್ದು ಯಾವ ಪುಸ್ತಕ ಎಂದು ಕೇಳಬಹುದಿತ್ತು. ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಒಬ್ಬ ವಕೀಲರಿಗೆ ತೋರಿಸುತ್ತೇನೆ ಅನ್ನಬಹುದಿತ್ತು. ನಾನು ಮಾಡಿದ್ದೇನು? ಚೌಕಾಸಿ. ನಾನು ಬರೆದುಕೊಟ್ಟರೆ ನನಗೇನು ಸಿಗುತ್ತೆ ಎಂದು ಕೇಳಿದೆ. ಅವನು ನಗುತ್ತ, ನಮ್ಮ ಡಬ್ಬಿಗಳ ಲೇಬಲ್ಲು ಅಚ್ಚು ಹಾಕಿಕೊಡಿ ಅಂದ. ಒಂದು ವರ್ಷದ ಆರ್ಡರ್ ಅಂದ. ನಾನು ಎಳೆದು ಎರಡು ವರ್ಷ ಮಾಡಿದೆ. ಸದರಿ ಪುಸ್ತಕದ ಹಕ್ಕು ಕಂಪನಿಯದೆಂದು ಒಪ್ಪುತ್ತೇನೆ, ಇನ್ನು ಅಚ್ಚು ಹಾಕುವುದಿಲ್ಲ ಎಂದು ಬರೆದು ಸಹಿ ಹಾಕಿ, ಪ್ರೆಸ್ಸಿನ ಸೀಲನ್ನೂ ಒತ್ತಿದೆ. ಬಂದ ಕಂಟಕವನ್ನೇ ಗಿರಾಕಿ ಮಾಡಿಕೊಂಡೆ ಎಂದು ಆ ದಿನ ಮನೆಯಲ್ಲಿ ಹೇಳಿಕೊಂಡು ಬೀಗಿದೆ. ಹೊರಡುವ ಮುಂಚೆ ಅವನು ಆ ಮುಚ್ಚಳಿಕೆಗೆ ಹತ್ತು ಜೆರಾಕ್ಸ್ ಬೇಕು ಅಂದ. ನಾನೇ ಹೊಡೆದುಕೊಟ್ಟೆ.

ಅಂಗಡಿ ನಡೆಸುವ ಕಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ. ಹೆದರಿಕೆಯಾದ ದಿನ ಸಹಿ ಹಾಕಬೇಡಿ. ಹೆದರಿಸಿದವನಿಂದ ಆರ್ಡರ್ ಬಂದ ದಿನವಂತೂ ಪೆನ್ನನ್ನೇ ಮುಟ್ಟಬೇಡಿ. ಮತ್ತೊಬ್ಬರ ವಸ್ತುವಿನ ಮೇಲೆ ಚೌಕಾಸಿ ಮಾಡಿ ಗೆದ್ದರೆ ಅದು ಗೆಲುವಲ್ಲ. ನಾನು ಇದನ್ನು ತಿಳಿದುಕೊಳ್ಳುವ ಹೊತ್ತಿಗೆ ತಡವಾಗಿತ್ತು.

ಆ ಹತ್ತು ಜೆರಾಕ್ಸ್ ಹತ್ತು ಊರಿಗೆ ಹೋದವು. ಕೋಲಾರ, ಮುಳಬಾಗಿಲು, ಮಾಲೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಮೇಷ್ಟ್ರ ಪುಸ್ತಕ ಕೇಳಿದರೆ, ಅದು ಈಗ ಕಂಪನಿದು, ಶ್ರೀನಿವಾಸಪುರದ ಪ್ರೆಸ್ಸಿನೋನೇ ಬರ್ಕೊಟ್ಟವನೆ ಅನ್ನತೊಡಗಿದರು. ನನ್ನ ಸಹಿ ಅವರ ನೋಟಿಸಿಗಿಂತ ದೊಡ್ಡದಾಯಿತು. ಮೇಷ್ಟ್ರು ಬಂದು ಅಚ್ಚಿನ ವಿಷಯ ಕೇಳಿದಾಗಲೆಲ್ಲ ಮೆಷಿನ್ ಕೆಟ್ಟಿದೆ, ಪೇಪರ್ ಬಂದಿಲ್ಲ ಎಂದು ಏನಾದರೊಂದು ಹೇಳಿ ಸಾಗಹಾಕುತ್ತಿದ್ದೆ. ಮುಚ್ಚಳಿಕೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ ಗೊತ್ತಾಗುವ ಮನುಷ್ಯ ಅವರು.

ಆ ಆಷಾಢದಲ್ಲಿ ಒಂದು ಭಾನುವಾರ ನಾನು ಊರಿಗೆ ಹೊರಟಿದ್ದೆ. "ನನ್ನನ್ನೂ ಕರ್ಕೊಂಡು ಹೋಗ್ಲಾ, ಆ ತಾಯಿ ತೋಟದ ಕಡ್ಡಿ ಬೇಕು," ಎಂದು ಮೇಷ್ಟ್ರು ನನ್ನ ಮೊಪೆಡ್ ಹತ್ತಿದರು. ಅಕ್ಕನ ತೋಟದಲ್ಲಿ ಒಂದು ಮುದಿ ನಾಟಿ ಮರವಿತ್ತು. ಎಲ್ಲ ತೋಟಗಳ ಹಣ್ಣು ಮುಗಿದ ಮೇಲೆ ಹಣ್ಣು ಬಿಡುತ್ತಿದ್ದ ಮರ. ಅಂಥದ್ದು ಆ ಸೀಮೆಯಲ್ಲಿ ಇನ್ನೊಂದಿಲ್ಲ, ಮರ ಸಾಯುವ ಮುಂಚೆ ಹತ್ತಾರು ಕಡೆ ಅದರ ಕಸಿ ಕಟ್ಟಿಡಬೇಕು ಎಂಬುದು ಮೇಷ್ಟ್ರ ಆಸೆ.

ಅಕ್ಕ ತೋಟದ ಬೇಲಿಯ ಹತ್ತಿರವೇ ನಿಂತಿದ್ದಳು. ಒಳಗೆ ಬನ್ನಿ ಅನ್ನಲಿಲ್ಲ.

"ಏನ್ ತಾಯಿ, ಚೆನ್ನಾಗಿದ್ದೀಯಾ? ಆ ಮುದಿ ಮರದ ಕಡ್ಡಿಗೆ ಬಂದೆ."

"ಇಲ್ಲ ಮೇಷ್ಟ್ರೇ."

"ಇಲ್ಲ ಅಂದ್ರೆ? ಚಿಗುರು ಬಂದಿಲ್ವಾ?"

"ಚಿಗುರು ಬಂದದೆ. ಕೊಡಲ್ಲ."

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ.

"ನಮ್ಮ ಹತ್ರ ಪುಕ್ಕಟೆ ಕೇಳ್ಕೊಂಡು ಹೋಗಿ ಕಂಪನಿಗೆ ಮಾರಿದ್ರಲ್ಲ, ಇನ್ನೇನು ಬೇಕು ನಿಮಗೆ? ನನ್ನ ಮೊಮ್ಮಗಳು ಆ ಬಣ್ಣದ ಪುಸ್ತಕ ಓದಿ ಹೇಳಿದ್ಲು. ನಾನು ಹೇಳಿದ ಹತ್ತು ದಿನ ಅದೆ. ನನ್ನ ಹೆಸರಿಲ್ಲ. ಯಾರ ಹೆಸರೂ ಇಲ್ಲ."

"ನಾನು ಮಾರಿಲ್ಲ ತಾಯಿ. ಯಾರು ಹೇಳಿದ್ರು ನಿನಗೆ?"

"ಯಾರು ಹೇಳಬೇಕು? ನಿಮ್ಮ ಪ್ರೆಸ್ಸಲ್ಲೇ ಅಂತೆ ಅವರ ಡಬ್ಬಿ ಚೀಟಿ ಅಚ್ಚಾಗೋದು. ಪಾಲಿಲ್ದೆ ಆಗುತ್ತಾ? ಇವನನ್ನೇ ಕೇಳಿ." ಅವಳು ನನ್ನ ಕಡೆ ತಿರುಗಿದಳು. "ಏನಪ್ಪಾ, ನೀನೇ ಹೇಳು. ಮೇಷ್ಟ್ರು ಮಾರಿದ್ರೋ ಇಲ್ವೋ?"

ಅವಳು ಕೇಳಿದ್ದು ನನ್ನನ್ನು. ಮಾರಿದವನು ನಾನು ಅಕ್ಕಾ, ಅವರಿಗೆ ಗೊತ್ತೇ ಇಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಅವಳು ನನ್ನ ಮುಖಕ್ಕೆ ಉಗಿಯುತ್ತಿದ್ದಳು. ಮೇಷ್ಟ್ರ ಕೈಗೆ ಕಡ್ಡಿ ಕೊಡುತ್ತಿದ್ದಳು. ನಾನು ಮೊಪೆಡ್ಡಿನ ಸ್ಟ್ಯಾಂಡನ್ನು ಕಾಲಿನಿಂದ ಸರಿಮಾಡುತ್ತ, "ಅದೆಲ್ಲ ಕಂಪನಿಯೋರ ವಿಷಯ, ನಮಗೇನು ಗೊತ್ತಾಗುತ್ತೆ ಅಕ್ಕಾ," ಅಂದೆ.

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಜಾಣ ಹುಡುಗ ಸುಲಭದ ಲೆಕ್ಕ ತಪ್ಪಿದಾಗ ಮೇಷ್ಟ್ರುಗಳು ನೋಡುತ್ತಾರಲ್ಲ, ಹಾಗೆ. ತಾವು ತಂದಿದ್ದ ಒದ್ದೆ ಗೋಣಿಯ ತುಂಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಕಡ್ಡಿ ಬಾಡದಂತೆ ಸುತ್ತಲು ಮನೆಯಿಂದಲೇ ನೆನೆಸಿ ತಂದದ್ದು.

ವಾಪಸು ಬರುವಾಗ ಒಂದೆರಡು ಮೈಲಿ ದಾಟಿದೆವು. ಆಮೇಲೆ ಹಿಂದಿನಿಂದ, "ಲೇಬಲ್ಲು ನಿಜವಾ?" ಎಂದು ಕೇಳಿದರು.

"ಹೊಟ್ಟೆಪಾಡು ಸಾರ್."

"ಅದಕ್ಕೆ ಬದಲು ಏನು ಕೊಟ್ಟೆ?"

ನಾನು ಗಾಡಿಯ ವೇಗ ಹೆಚ್ಚಿಸಿದೆ. ಅವರು ನಿಲ್ಲಿಸು ಅಂದರು. ಇಳಿದು, ಪಂಚೆ ಕೊಡವಿಕೊಂಡು, ಬಸ್ಸು ನಿಲ್ಲುವ ಹುಣಸೆಮರದ ಕಡೆ ನಡೆದರು. ನಾನು ಸ್ವಲ್ಪ ಹೊತ್ತು ಗಾಡಿ ಆಫ್ ಮಾಡದೆ ಕಾದೆ... ಅವರು ತಿರುಗಿ ನೋಡಲಿಲ್ಲ. ನನ್ನ ಅಂಗಡಿಯ ಮೆಟ್ಟಿಲನ್ನೂ ಮತ್ತೆ ಹತ್ತಲಿಲ್ಲ.

ಮೇಷ್ಟ್ರು ಪುಸ್ತಕ ಮಾರಿಕೊಂಡರು ಎಂಬ ಮಾತು ಒಂದು ಹಂಗಾಮಿನಲ್ಲಿ ತಾಲ್ಲೂಕುಗಳನ್ನು ಸುತ್ತಿತು. ವರ್ಷಗಟ್ಟಲೆ ಅವರಿಂದ ಪುಕ್ಕಟೆ ಕಸಿ ಕಟ್ಟಿಸಿಕೊಂಡವರು, ಮನೆಯಲ್ಲಿ ಕೂರಿಸಿ ಊಟ ಹಾಕಿದವರು, ಒಬ್ಬರೂ ಹೋಗಿ ಅವರನ್ನು ನಿಜವೇ ಎಂದು ಕೇಳಲಿಲ್ಲ. ಜನಕ್ಕೆ ಕೊಡುವವನ ಮೇಲೆ ಇರುವಷ್ಟು ಅನುಮಾನ ಕಸಿಯುವವನ ಮೇಲೆ ಇರುವುದಿಲ್ಲ. ಸುಗಟೂರಿನ ಕಡೆಯ ಒಬ್ಬ ರೈತ ಕಂಪನಿ ಪುಸ್ತಕದಲ್ಲಿ ಔಷಧಿಯ ಪ್ರಮಾಣ ತಪ್ಪಿದೆ, ಎಲೆ ಸುಡುತ್ತಿದೆ ಎಂದು ನನ್ನ ಹತ್ತಿರ ಬಂದು ಹೇಳಿದ. ಮೊದಲಾಗಿದ್ದರೆ ಅದು ಎಡಪುಟಕ್ಕೆ ಹೋಗಿ ಮರುವರ್ಷ ತಿದ್ದುಪಡಿಯಾಗುತ್ತಿತ್ತು. ಈಗ ಬಣ್ಣದ ಪುಸ್ತಕದಲ್ಲಿ ಖಾಲಿ ಪುಟ ಎಲ್ಲಿತ್ತು? ನಿಧಾನವಾಗಿ ಕಡ್ಡಿ ಕೇಳುವುದೂ ನಿಂತಿತು, ಕೊಡುವುದೂ ನಿಂತಿತು. ನರ್ಸರಿಗೆ ಹೋಗು, ದುಡ್ಡು ಕೊಡು, ತಗೊಂಡು ಬಾ.

ಮೇಷ್ಟ್ರು ವರ್ಗ ಕೇಳಿಕೊಂಡು ಮಾಲೂರಿನ ಕಡೆ ಹೋದರು. ನಿವೃತ್ತಿಯಾಗಿ ಕೆಲವೇ ವರ್ಷಕ್ಕೆ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ತಿಂಗಳ ಮೇಲೆ, ಮಂಡಿಯಲ್ಲಿ ಯಾರೋ ಮಾತಿನ ನಡುವೆ ಅಂದಾಗ.

ಆಮೇಲೊಮ್ಮೆ ಸೈಟಿನ ತಕರಾರಿಗೆಂದು ಕೋಲಾರದಲ್ಲಿ ವಕೀಲರೊಬ್ಬರ ಹತ್ತಿರ ಹೋದಾಗ, ಯಾರದೋ ಕಥೆ ಎನ್ನುವಂತೆ ಇದನ್ನು ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು. "ಆ ಷರತ್ತಿನ ಪುಟ ಇದ್ದಿದ್ರೆ ಆ ಕಂಪನಿಯೋರು ಪುಸ್ತಕ ಮುಟ್ಟೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ತಿದ್ರು. ಇಲ್ಲದೆ ಇದ್ರೂ ಪುಸ್ತಕ ಮೇಷ್ಟ್ರದ್ದೇ ಕಣ್ರೀ. ಎಲ್ಲರಿಗೂ ಕೊಟ್ಟ ಮಾತ್ರಕ್ಕೆ ಒಬ್ಬರ ಪಾಲಾಗಲ್ಲ. ಆ ನೋಟಿಸು ಬರೀ ಹೆದರಿಕೆ. ಸಹಿ ಹಾಕಿದ್ನಲ್ಲ, ಆ ಪ್ರೆಸ್ಸಿನೋನು ಯಾರು, ದಡ್ಡ?" ನಾನು ಫೀಸು ಕೊಟ್ಟು ಎದ್ದು ಬಂದೆ.

ಸಸಿಯ ಚೀಟಿ ಸಿಕ್ಕಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪುಸ್ತಕವನ್ನು ಮತ್ತೆ ಅಚ್ಚು ಹಾಕುವುದು, ಬರುವುದು ಬರಲಿ ಎಂದುಕೊಂಡು ಮಾಲೂರಿಗೆ ಹೋಗಿ ಮೇಷ್ಟ್ರ ಮಗಳನ್ನು ಕಂಡೆ. ಆಕೆಯೂ ಟೀಚರ್. ಎಲ್ಲವನ್ನೂ ಹೇಳಿದೆ, ಎರಡು ಪುಟ, ಮುಚ್ಚಳಿಕೆ, ಬೇಲಿಯ ಹತ್ತಿರ ನಾನು ಆಡಿದ ಮಾತು. ಜೀವನದಲ್ಲಿ ಮೊದಲ ಸಲ ಏನನ್ನೂ ಕಡಿಮೆ ಮಾಡದೆ ಹೇಳಿದೆ. ಆಕೆ ನೀರು ಕೊಟ್ಟಳು, ಕೂರಿ ಅನ್ನಲಿಲ್ಲ.

"ಅಚ್ಚು ಹಾಕೋಕೆ ನಿಮ್ಮ ಒಪ್ಪಿಗೆ ಬೇಕಮ್ಮಾ," ಅಂದೆ.

"ಯಾರು ಬೇಕಾದ್ರೂ ಹಾಕಬಹುದು ಅಂತ ಅಪ್ಪ ಬರ್ದಿಟ್ಟಿದ್ದಾರಲ್ಲ. ನೀವೂ ಅದರಲ್ಲಿ ಬಂದ್ರಿ. ನಿಮಗೆ ಮಾತ್ರ ಬೇಡ ಅನ್ನೋ ಹಕ್ಕು ನನಗಿಲ್ಲ." ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದಳು. "ಆ ಹಕ್ಕು ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ಸುತ್ತೆ. ಷರತ್ತು ಮಾತ್ರ ಪಾಲಿಸಿ. ತಿದ್ದಿದೋರ ಹೆಸರು ಇಲ್ದೆ ಹಾಕಬೇಡಿ."

ಆಗಿನಿಂದ ಹೆಸರು ಹುಡುಕಿಕೊಂಡು ತಿರುಗುತ್ತಿದ್ದೇನೆ. ಯಲ್ದೂರು, ಸುಗಟೂರು, ಮುಳಬಾಗಿಲಿನ ಹಳ್ಳಿಗಳು. ಹೆಸರಿದ್ದ ಹಳೆಯ ಕಾಪಿ ಯಾರ ಮನೆಯಲ್ಲೂ ಉಳಿದಿಲ್ಲ; ಕೇಳಿ ಕೇಳಿ ಹದಿನೇಳು ಹೆಸರು ಸಿಕ್ಕಿವೆ. ಬೈರಕೂರಿನಾಚೆಯ ಆ ತೋಟ ಈಗ ಸೈಟುಗಳಾಗಿದೆ. ಕಲ್ಲು ನೆಟ್ಟು ನಂಬರ್ ಬರೆದಿದ್ದಾರೆ. ಮುದಿ ಮರವನ್ನು ಕಡಿದು ಬಹಳ ಕಾಲವಾಯಿತಂತೆ. ಅಕ್ಕ ಇಲ್ಲ. ಮನೆಯವರು ಮಾರಿಕೊಂಡು ಆಂಧ್ರದ ಕಡೆ ಎಲ್ಲಿಗೋ ಹೋದರು, ಎಲ್ಲಿಗೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಹೆಸರು ಕೇಳಿದರೆ ಒಬ್ಬ ಮುದುಕ, ಮಾವಿನ ತೋಟದಮ್ಮ ಅಂತಿದ್ವಿ ಅಂದ.

ಪುಸ್ತಕ ಕಂಪ್ಯೂಟರಿನಲ್ಲಿ ಸಿದ್ಧವಾಗಿದೆ. ಹೆಸರುಗಳ ಪುಟವನ್ನು ತೆರೆದು ದಿನಾ ಒಂದಿಷ್ಟು ಹೊತ್ತು ಕೂರುತ್ತೇನೆ. ಮೂರನೆಯ ಸಾಲು ಅವಳದು. ಅದನ್ನು ಈ ಕೈಯಲ್ಲೇ ಟೈಪ್ ಮಾಡಿದ್ದೆ, ಅಕ್ಷರ ಅಕ್ಷರವಾಗಿ. ಏನೆಂದು ಟೈಪ್ ಮಾಡಿದ್ದೆನೋ ನೆನಪಾಗುತ್ತಿಲ್ಲ...